ಗೆರೆಯಿಲ್ಲದ ಕಾಗದ

ಎಲ್ವಿನಾ ಒಲೆಯ ಬೂದಿಯನ್ನು ಅರ್ಧ ತೆಗೆದಿದ್ದಳು. ಉಳಿದರ್ಧಕ್ಕೆ ಸಲಾಕೆ ಹಾಕುವ ಮೊದಲು ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ನಾಲ್ಕು ಮಡಿಕೆಯ ಒಂದೇ ಒಂದು ಹಾಳೆ. ಇಪ್ಪತ್ತೈದು ವರ್ಷ ಹಳೆಯದು. ಮಡಿಕೆಗಳ ಜಾಗದಲ್ಲಿ ಸವೆದು ಬಟ್ಟೆಯಂತೆ ಮೆತ್ತಗಾಗಿತ್ತು. ಬೂದಿಯ ಅಡಿಯಲ್ಲಿ ಕೆಂಡಕ್ಕೆ ಇನ್ನೂ ಜೀವ ಇತ್ತು. ಒಳಗಿಟ್ಟು ಒಲೆಯ ಬಾಗಿಲು ಮುಚ್ಚಿದರೆ ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ.

ಹಿತ್ತಿಲ ಬಾಗಿಲಲ್ಲಿ ಯಾರೋ ಬೂಟಿನ ಹಿಮ ಕೊಡವಿದರು. ಹಾಳೆ ಮತ್ತೆ ಜೇಬು ಸೇರಿತು.

"ಅತ್ತಿಗೆ, ಇನ್ನೂ ಬೂದಿ ತೆಗೀತಾ ಕೂತಿದ್ದೀಯಾ? ಹತ್ತು ಗಂಟೆಗೆ ಜನ ಬಂದ್ಬಿಡ್ತಾರೆ ಮಾರಾಯ್ತಿ!" ಹುಲ್ಡಾ ತಲೆಯ ಶಾಲು ಬಿಚ್ಚುತ್ತಲೇ ಒಳಗೆ ಬಂದಳು. ಎಲ್ವಿನಾಳ ಸತ್ತ ಗಂಡನ ತಂಗಿ, ಅಳುವುದನ್ನೆಲ್ಲ ಮೊದಲ ಎರಡು ದಿನದಲ್ಲೇ ಅತ್ತು ಮುಗಿಸಿ ಈಗ ಯಜಮಾನಿಕೆಗೆ ನಿಂತಿದ್ದಳು. "ಗೋರಿ ತೋಡೋನ್ನ ನೋಡ್ಕೊಂಡು ಬಂದೆ. ಎರಡು ದಿನದಿಂದ ಮರದ ಚಕ್ಕೆ ಉರಿಸ್ತಿದಾನೆ, ನೆಲ ಇನ್ನೂ ಹೆಪ್ಪುಗಟ್ಟಿ ಕಲ್ಲು. 'ನಿಮ್ಮಣ್ಣ ಬದುಕಿದ್ದಾಗಲೂ ಯಾರಿಗೂ ಬಗ್ಲಿಲ್ಲ, ಈಗ್ಲೂ ಇಲ್ಲ' ಅಂತಾನೆ, ಮುಖ ನೋಡು ಅವನದ್ದು!"

"ಸ್ಪ್ರೂಸ್ ಮರದ ಸೊಪ್ಪು ಹಾಕಿದ್ರಾ ಗೇಟಿನ ಹತ್ರ, ಹೆಣ ಹೋಗೋ ದಾರಿಗೆ?"

"ಆಲ್ರಿಕ್ ಹಾಕ್ತಿದಾನೆ. ಬೆಳಗ್ಗೇನೇ ಸಾರಾಯಿ ವಾಸನೆ. ಪಾಪ, ಚಳಿಗೆ ಅಂತಾನೆ." ಹುಲ್ಡಾ ಕಾಫಿಯ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. "ಅಂದ ಹಾಗೆ, ಆ ಕಾಗದದ ಪೆಟ್ಟಿಗೆ ಇವತ್ತೇ ತಗೊಂಡು ಹೋಗ್ತಾರಂತೆ. ಹೆಣ ಹೊತ್ತ ಜಾರುಬಂಡಿ ಹೇಗೂ ಖಾಲಿ ವಾಪಸ್ ಬರುತ್ತಲ್ಲ, ಅದರಲ್ಲೇ ಹಾಕ್ಕೊಂಡು ಸಿಗ್ನೆ ಮನೆಗೆ. ಒಳ್ಳೇದೇ ಆಯ್ತು ಬಿಡು. ನಲವತ್ತು ವರ್ಷದ ಕಾಗದ, ಇಲಿಗೆ ಗೂಡು."

ಎಲ್ವಿನಾ ಸಲಾಕೆಯಿಂದ ಕೆಂಡ ಕೆದಕಿ ಮೇಲೆ ಸೌದೆ ಇಟ್ಟಳು.

ತೂರೆ ಸಂಡೆಲ್ ಮೇಷ್ಟ್ರು ತೀರಿಹೋಗಿ ಎಂಟು ದಿನ. ಮುಂದಿನ ಕೋಣೆಯಲ್ಲಿ ಅವರ ಮೇಜು, ಕಪಾಟು, ಹಾರ್ಮೋನಿಯಂಗಳ ನಡುವೆ ಶವಪೆಟ್ಟಿಗೆ ಇತ್ತು. ಎಂಟು ದಿನದಿಂದ ಆ ಕೋಣೆಗೆ ಬೆಂಕಿ ಇಲ್ಲ, ಕಿಟಕಿಗಳಿಗೆ ಬಿಳಿ ಬಟ್ಟೆ. ಮೂಲೆಯಲ್ಲಿದ್ದ ಪೈನ್ ಮರದ ಪೆಟ್ಟಿಗೆಯಲ್ಲಿ ಮೇಷ್ಟ್ರ ಬದುಕೆಲ್ಲ ಇತ್ತು: ಅವರೇ ಹುಟ್ಟಿಸಿದ ಶೀಘ್ರಲಿಪಿಯಲ್ಲಿ ಅವರೇ ಬರೆದ ಪುಸ್ತಕಗಳು, ಕಡತಗಳು, ದಿನಚರಿಗಳು. ಸಂಡೆಲ್ ಲಿಪಿ ಸಂಘದ ಉಳಿದ ಏಳು ಮಂದಿ ಸೇರಿ ಅವನ್ನೆಲ್ಲ ಸಾಮಾನ್ಯ ಬರಹಕ್ಕಿಳಿಸಿ ಒಂದು ನೆನಪಿನ ಪುಸ್ತಕ ತರುವುದೆಂದು ತೀರ್ಮಾನಿಸಿದ್ದರು. ಇಳಿಸುವುದು ಯಾರು? ಕಾರ್ಯದರ್ಶಿ ಆಲ್ರಿಕ್ ಬರೆಯಬಲ್ಲ, ಆದರೆ ತಾನು ಬರೆದದ್ದನ್ನು ತಾನೇ ಓದಲಾರ. ಆ ಲಿಪಿಯನ್ನು ತಡವರಿಸದೆ ಓದಬಲ್ಲವರು ಈಗ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಎಲ್ವಿನಾ, ಐವತ್ತೆಂಟು ವರ್ಷದ ಈ ವಿಧವೆ. ಇನ್ನೊಬ್ಬಳು ಸಿಗ್ನೆ.

ಜೇಬಿನಲ್ಲಿದ್ದ ಹಾಳೆ ಸಿಗ್ನೆಯ ಅಪ್ಪನನ್ನು ಸೆರೆಮನೆಗೆ ಕಳಿಸಿದ ಹಾಳೆ. ನಿನ್ನೆ ಸಂಜೆ ಪೆಟ್ಟಿಗೆಯೊಳಗಿನ ಕಡತದಿಂದ ಎಲ್ವಿನಾ ಅದನ್ನು ಎಳೆದುಕೊಂಡಿದ್ದಳು. ಸಿಗ್ನೆಯ ಕೈಗೆ ಪೆಟ್ಟಿಗೆ ಹೋಗುವ ಮೊದಲು ಅದು ಇಲ್ಲವಾಗಬೇಕಿತ್ತು.

*

ಆಗ ಎಲ್ವಿನಾಗೆ ಇಪ್ಪತ್ತೊಂದು ವರ್ಷ. ದರ್ಜಿ ಅಂಗಡಿಯಲ್ಲಿ ಲಂಗಗಳ ಅಂಚು ಹೊಲಿಯುವ ಕೆಲಸ. ಶಾಲೆಯ ಕೋಣೆಯಲ್ಲಿ ವಾರಕ್ಕೆರಡು ಸಂಜೆ ಹೊಸ ಮೇಷ್ಟ್ರು ಶೀಘ್ರಲಿಪಿ ಕಲಿಸುತ್ತಾರೆಂದು ಕೇಳಿ ಹೋಗಿದ್ದಳು. ಹನ್ನೊಂದು ಗಂಡಸರು, ಇವಳೊಬ್ಬಳು. ತೆಳ್ಳಗೆ ಉದ್ದಕ್ಕಿದ್ದ ಮೇಷ್ಟ್ರ ತೋಳುಗಳಿಗೆ ಯಾವ ಕೋಟೂ ಸಾಲುತ್ತಿರಲಿಲ್ಲ. ಆಡಿದ ಮಾತು ಗಾಳಿಗೆ ಹೋಗಬಾರದು ಎನ್ನುವುದೊಂದೇ ಅವರ ಹುಚ್ಚು. ಬಡವನ ಮಾತನ್ನೂ ಆಡಿದಂತೆಯೇ ಹಿಡಿದಿಡುವ ಲಿಪಿ ಬೇಕು ಎನ್ನುತ್ತಿದ್ದರು.

ಮದುವೆಯ ಮೊದಲ ವರ್ಷವೆಲ್ಲ ಅಡುಗೆಮನೆಯ ಮೇಜಿನ ಮೇಲೆ ಆ ಲಿಪಿಯೇ. ಅವರು ಪತ್ರಿಕೆ ಓದುವುದು, ಇವಳು ಬರೆಯುವುದು, ಗಡಿಯಾರ ನೋಡುವುದು. 'ಇಲ್ಲ' ಎನ್ನುವ ಮಾತು ಸಿಕ್ಕಿದಲ್ಲೆಲ್ಲ ಕೈ ನಿಧಾನವಾಗುತ್ತಿತ್ತು. ಅದಕ್ಕೊಂದು ಕೊಕ್ಕೆ, ಕೊಕ್ಕೆಗೊಂದು ಚುಕ್ಕೆ.

"ಕೊಕ್ಕೆ ಯಾಕೆ?" ಎಂದಳು ಒಂದು ದಿನ. "ಲಂಗದ ಅಂಚಲ್ಲಿ ಗುರುತಿನ ಗೆರೆ ಹಾಕ್ಕೋತೀವಿ. ಗೆರೆಯ ಮೇಲಿನ ಹೊಲಿಗೆ ಉಳಿಯೋದು. ಕೆಳಗಿಂದು ಬಿಚ್ಚಿ ಹಾಕೋದು. ನಿಮ್ಮ ಪದಾನೂ ಹಾಗೇ ಮಾಡಿ. ಗೆರೆ ಮೇಲೆ ಕೂತ್ರೆ ಇದೆ. ಗೆರೆ ಕೆಳಗೆ ಇಳಿಸಿದ್ರೆ ಇಲ್ಲ."

ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಅದೇ ಪದ, ಅದೇ ಗೀಟು. ಗೆರೆಯ ಮೇಲಿದ್ದರೆ 'ಕೊಟ್ಟೆ', ಕೆಳಗೆ ತೂಗಿದರೆ 'ಕೊಡಲಿಲ್ಲ'. ಕೈಗೆ ಒಂದು ಚೂರೂ ಹೆಚ್ಚು ಕೆಲಸವಿಲ್ಲ. ಆವತ್ತು ಅವಳನ್ನು ಎತ್ತಿಕೊಂಡು ಅಡುಗೆಮನೆಯನ್ನೆಲ್ಲ ಸುತ್ತಿದ್ದರು. ಪುಸ್ತಕ ಅಚ್ಚಾದಾಗ ಮುನ್ನುಡಿಯಲ್ಲಿ 'ಈ ಲಿಪಿಯ ಮುಕುಟಮಣಿ' ಎಂದು ಆ ಉಪಾಯವನ್ನು ಎರಡು ಪುಟ ಹೊಗಳಿದ್ದರು. ಅದು ಯಾರದ್ದೆಂದು ಬರೆದಿರಲಿಲ್ಲ. ಅವಳು ಕೇಳಲಿಲ್ಲ. ಕೇಳಬೇಕಾದ ಮಾತೆಂದು ಆಗ ಹೊಳೆಯಲೂ ಇಲ್ಲ.

*

ಒಂಬತ್ತೂವರೆಗೆ ಸಿಗ್ನೆ ಬಂದಳು. ಕಪ್ಪು ಕಾಗದದಲ್ಲಿ ಸುತ್ತಿದ, ಶವಸಂಸ್ಕಾರಕ್ಕೆ ಬಂದವರಿಗೆ ಹಂಚುವ ಮಿಠಾಯಿಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎಲ್ವಿನಾಳ ಎರಡೂ ಕೈ ಹಿಡಿದುಕೊಂಡಳು. ಮೂವತ್ತಮೂರು ವರ್ಷ, ಹಡಗು ಕಚೇರಿಯಲ್ಲಿ ಗುಮಾಸ್ತೆ. ಕೆಲಸದ ನಡುವೆ ಮೂಗಿನ ತುದಿಯನ್ನು ಬೆರಳಿಂದ ಒತ್ತಿಕೊಳ್ಳುವ ಅಭ್ಯಾಸ. ಅದೂ ಮೇಷ್ಟ್ರಿಂದಲೇ ಬಂದದ್ದು.

"ನಿದ್ದೆ ಮಾಡಿದ್ರಾ ಮೇಷ್ಟ್ರಮ್ಮ?"

"ಮಾಡ್ದೆ."

"ಸುಳ್ಳು. ಮಧ್ಯಾಹ್ನ ಎಲ್ಲರೂ ಹೋದ್ಮೇಲೆ ನಾನಿರ್ತೀನಿ. ಈ ಭಾನುವಾರಾನೂ ಬರ್ತೀನಿ. ಮೇಷ್ಟ್ರಿಲ್ಲ ಅಂತ ಭಾನುವಾರ ತಪ್ಪಿಸ್ತೀನಿ ಅಂದ್ಕೋಬೇಡಿ."

ಒಂಬತ್ತು ವರ್ಷದವಳಿದ್ದಾಗಿಂದ ಅವಳು ಭಾನುವಾರ ತಪ್ಪಿಸಿರಲಿಲ್ಲ. ಈ ಮನೆಯಲ್ಲಿ ಬೇರೆ ಮಕ್ಕಳಿರಲಿಲ್ಲ.

ಪಡಸಾಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ ಬೇದಾ ತಲೆಯೆತ್ತಿ ನೋಡಿದಳು. ಅವಳು ಮರಕೊಯ್ಯುವ ಮಿಲ್ಲಿನ ಹಳೆಯ ಮೇಸ್ತ್ರಿಯ ವಿಧವೆ. "ಮೇಷ್ಟ್ರು ದೊಡ್ಡ ಮನುಷ್ಯ ಕಣಮ್ಮ," ಎಂದಳು, ಗಟ್ಟಿಯಾಗಿ, ಯಾರಿಗೆ ಎಂದಿಲ್ಲದೆ. "ಮಿಲ್ಲಿಗೆ ಬೆಂಕಿ ಇಟ್ಟವನ ಮಗಳಿಗೂ ಕೂರಿಸಿ ವಿದ್ಯೆ ಕಲಿಸಿದ್ರು. ಬೇರೆಯವರಾಗಿದ್ರೆ ಹೊಸಿಲು ತುಳಿಸ್ತಿರ್ಲಿಲ್ಲ."

"ಬೇದಾ, ನಿನ್ನ ಬಾಯಿಗೆ ಇವತ್ತಾದ್ರೂ ರಜಾ ಕೊಡು," ಎಂದಳು ಹುಲ್ಡಾ.

"ಇರೋದನ್ನೇ ಹೇಳಿದೆ."

"ಹೇಳ್ಲಿ ಬಿಡಿ," ಸಿಗ್ನೆ ಬಟ್ಟಲುಗಳನ್ನು ಒರೆಸುತ್ತ ತಣ್ಣಗೆ ಹೇಳಿದಳು. "ಅವರು ಹೇಳಿದ್ದು ಸರಿಯಾಗೇ ಇದೆ." ಬೇದಾ ಅತ್ತ ಸರಿದ ಮೇಲೆ ದನಿ ತಗ್ಗಿಸಿದಳು. "ಮೇಷ್ಟ್ರಮ್ಮ, ಆ ಸೆರೆಮನೆಯಿಂದ ಕಾಗದ ಬಂದಿದೆ. ಅಲ್ಲಿನ ಹಳೇ ಸ್ಮಶಾನ ಅಗೀತಾರಂತೆ, ರಸ್ತೆಗೆ. ಅಪ್ಪನ ಎಲುಬು ಬೇಕಿದ್ರೆ ಈಸ್ಟರ್ ಒಳಗೆ ತಿಳಿಸ್ಬೇಕಂತೆ. ಇಲ್ದಿದ್ರೆ ಎಲ್ಲಾ ಒಂದೇ ಗುಂಡಿಗೆ."

"ಏನು ಬರೆದೆ?"

"ಬೇಡ ಅಂತ ಬರೆದಿಟ್ಟಿದೀನಿ. ಇನ್ನೂ ಅಂಚೆಗೆ ಹಾಕಿಲ್ಲ." ಬಟ್ಟಲಿನ ಒಳಗನ್ನು ಒರೆಸಿದ್ದನ್ನೇ ಒರೆಸಿದಳು. "ಅಮ್ಮ ನೆಲ ತಿಕ್ಕಿ ತಿಕ್ಕಿ ಸತ್ಲು. ಎಲ್ಲರ ಮನೆ ನೆಲ, ಈ ಬೇದಾ ಮನೇದೂ. ಅವನು ಮಾತ್ರ ಸಾಯೋವರೆಗೂ 'ನಾನಲ್ಲ ನಾನಲ್ಲ' ಅಂತಾನೇ ಇದ್ದ. ಮಾಡಿದೆ ಅಂತ ಒಂದ್ಸಲ ಒಪ್ಕೊಂಡಿದ್ರೂ ನಾನು ಕ್ಷಮಿಸ್ತಿದ್ದೆ. ಆ ಸುಳ್ಳನ್ನ ಕ್ಷಮಿಸೋಕಾಗಲ್ಲ."

ಎಲ್ವಿನಾಳ ಕೈ ಏಪ್ರನ್ನಿನ ಮೇಲೆ ಬಂದು ನಿಂತಿತು. ಹಾಳೆ ಸದ್ದೇ ಮಾಡಲಿಲ್ಲ, ಅಷ್ಟು ಹಳೆಯದಾಗಿತ್ತು.

ಹತ್ತಕ್ಕೆ ಪಾದ್ರಿ ಬಂದರು. ತಣ್ಣನೆಯ ಕೋಣೆಯಲ್ಲಿ ಎಲ್ಲರೂ ಶವಪೆಟ್ಟಿಗೆಯ ಸುತ್ತ ನಿಂತು ಕೀರ್ತನೆ ಹಾಡಿದರು. ಹಾಡಿದ ಬಾಯಿಗಳಿಂದೆಲ್ಲ ಆವಿ ಎದ್ದು ಸತ್ತವನ ಮೇಲೆ ಒಂದು ಕ್ಷಣ ನಿಂತು ಕರಗಿತು. ಆಮೇಲೆ ಆರು ಜನ ಎತ್ತಿಕೊಂಡರು.

*

ಸಾವಿರದ ಒಂಬೈನೂರ ಒಂಬತ್ತರ ಬೇಸಿಗೆಯಲ್ಲಿ ದೇಶಕ್ಕೆ ದೇಶವೇ ಮುಷ್ಕರ ಹೂಡಿತ್ತು. ಆಗಸ್ಟಿನಲ್ಲಿ ಮಿಲ್ಲಿನ ಮರದ ಅಟ್ಟಿಗಳಿಗೆ ಬೆಂಕಿ ಬಿತ್ತು. ಮೇಸ್ತ್ರಿಯ ಜೊತೆ ಹಿಂದಿನ ವಾರವಷ್ಟೇ ಜಗಳವಾಡಿದ್ದ ಸಿಗ್ನೆಯ ಅಪ್ಪ ಎವರ್ಟ್‌ನನ್ನು ಹಿಡಿದರು. ನವೆಂಬರಿನಲ್ಲಿ ಕೋರ್ಟು ಸೇರಿದಾಗ ಮೇಷ್ಟ್ರು ನ್ಯಾಯಾಧೀಶರ ಕೈಕಾಲು ಹಿಡಿದು ಒಂದು ಅವಕಾಶ ಪಡೆದರು: ಸಾಕ್ಷಿಗಳ ಮಾತನ್ನು ತಮ್ಮ ಲಿಪಿಯಲ್ಲಿ ಆಡಿದಂತೆಯೇ ಬರೆದುಕೊಳ್ಳುವ ಪ್ರಯೋಗ. ಸ್ಟಾಕ್‌ಹೋಮಿನ ಸಮಿತಿ ಶಾಲೆಗಳಿಗೆ ಯಾವ ಶೀಘ್ರಲಿಪಿ ಎಂದು ತೀರ್ಮಾನಿಸುವ ಹೊತ್ತು ಅದು. ಕೋರ್ಟಿನಲ್ಲಿ ಗೆದ್ದ ಲಿಪಿಗೆ ಎದುರಿರುವುದಿಲ್ಲ. ಬರೆಯಲು ಕೂತವಳು ಎಲ್ವಿನಾ, ಹೊಟ್ಟೆಯಲ್ಲಿ ಐದು ತಿಂಗಳು.

ಎರಡನೆಯ ದಿನ ಸಂಜೆ ಗೆರೆ ಹಾಕಿದ ಪುಸ್ತಕ ಮುಗಿದುಹೋಯಿತು. ಗುಮಾಸ್ತ ಕೊಟ್ಟ ಬಿಳಿ ಹಾಳೆಯಲ್ಲಿ ಕೊನೆಯ ಸಾಕ್ಷಿಯನ್ನು ಬರೆದುಕೊಂಡಳು. ಬೆಂಕಿ ಬಿದ್ದ ಹೊತ್ತಿಗೆ ಬಂದರಿನ ಕಟ್ಟೆಯ ಮೇಲೆ ಕೂತಿದ್ದ ಹಡಗಿನ ಅಡುಗೆಯವನು. ಎವರ್ಟ್‌ನನ್ನು ಅಟ್ಟಿಗಳ ಹತ್ತಿರ ನೋಡಿದೆಯಾ ಎಂದು ಕೇಳಿದರು. ಅಡುಗೆಯವನು ತಲೆ ಅಲ್ಲಾಡಿಸಿ ಒಂದೇ ಪದ ಹೇಳಿದ. ಅವಳೂ ಒಂದೇ ಪದ ಬರೆದಳು, ಹೊಸ ಸಾಲಿನಲ್ಲಿ, ಒಂಟಿಯಾಗಿ. ಓದಿ ಹೇಳಿದಳು: ನೋಡಲಿಲ್ಲ. ಅವನು ಹೌದೆಂದ. ಮಾರನೆಯ ದಿನ ಅವನ ಹಡಗು ಹೊರಟುಹೋಯಿತು.

ಆ ರಾತ್ರಿಯೇ ಅವಳ ಹೊಟ್ಟೆಯ ಕೂಸು ಹೋಯಿತು. ಮೂರು ತಿಂಗಳು ಹಾಸಿಗೆ. ಹಾಳೆಗಳನ್ನು ಸಾಮಾನ್ಯ ಬರಹಕ್ಕೆ ಇಳಿಸಿ ಕೋರ್ಟಿಗೆ ಒಪ್ಪಿಸಿದವರು ಮೇಷ್ಟ್ರು. ಜನವರಿಯಲ್ಲಿ ತೀರ್ಪು ಬರುವ ಮೊದಲು ಹಳೆಯ ನ್ಯಾಯಾಧೀಶರಿಗೆ ಲಕ್ವ ಹೊಡೆದು, ಯಾರ ಮಾತನ್ನೂ ಕಿವಿಯಾರೆ ಕೇಳದ ಹೊಸಬರು ಬಂದು ಕಾಗದ ಓದಿ ಎಂಟು ವರ್ಷ ಕೊಟ್ಟರು. 'ಅವನು ಹಾಗೆ ಹೇಳ್ಲಿಲ್ಲ!' ಎಂದು ಎವರ್ಟ್ ಕೋರ್ಟಿನಲ್ಲಿ ಕೂಗಿದನಂತೆ. ಸಿಕ್ಕಿಬಿದ್ದವರು ಕೂಗುವುದೇ ಹಾಗೆ ಎಂದು ಊರು ಅಂದುಕೊಂಡಿತು.

ಮಾರ್ಚಿನಲ್ಲಿ ಅವಳು ಎದ್ದು ಓಡಾಡುವಂತಾಗಿ, ಕಾಗದಗಳನ್ನು ಕಡತಕ್ಕೆ ಸೇರಿಸುವಾಗ ತನ್ನ ಹಾಳೆಯನ್ನೂ ಅವರ ಪ್ರತಿಯನ್ನೂ ಅಕ್ಕಪಕ್ಕ ನೋಡಿದಳು.

"ನೋಡಿದೆ ಅಂತ ಬರೆದಿದ್ದೀರಲ್ಲ!"

ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದರು. ತುಂಬ ಹೊತ್ತು ಹಿಡಿದರು. "ಗೆರೆ ಎಲ್ಲಿದೆ?"

"ಗೆರೆ ಇರ್ಲಿಲ್ಲ. ಕೆಳಗೇ ಇಳಿಸಿ ಬರೆದೆ ನಾನು."

"ಯಾವುದರ ಕೆಳಗೆ ಎಲ್ವಿನಾ? ಅಕ್ಕಪಕ್ಕ ಬೇರೆ ಪದಾನೂ ಇಲ್ಲ, ಹೋಲಿಸೋಕೆ."

"ಅವನು ತಲೆ ಅಲ್ಲಾಡಿಸಿದ. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕೋರ್ಟಿಗೆ ಹೋಗಿ ಹೇಳೋಣ, ನಡೀರಿ."

ಮೇಷ್ಟ್ರು ಕೂತರು. ಆ ಉದ್ದನೆಯ ತೋಳುಗಳು ಮೇಜಿನ ಮೇಲೆ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದವು. "ಸಮಿತಿ ಸೆಪ್ಟೆಂಬರಲ್ಲಿ ಕೂರುತ್ತೆ. ಈಗ ಹೇಳಿದ್ರೆ ಲಿಪಿ ಸತ್ತಿತು. ಸೆಪ್ಟೆಂಬರ್‌ವರೆಗೆ ತಡಿ. ಆರು ತಿಂಗಳಲ್ಲಿ ಯಾರೂ ಸಾಯಲ್ಲ."

ಅವಳು ಒಂದು ದಿನ ಕೋರ್ಟಿನ ಮೆಟ್ಟಿಲವರೆಗೂ ಹೋಗಿ ವಾಪಸ್ ಬಂದಳು. ತಾನೇ ಕೊಟ್ಟ ಉಪಾಯ, ತಾನೇ ಬರೆದ ಪದ. ಕಾವಲುಗಾರ 'ಏನು ಬೇಕಿತ್ತಮ್ಮ' ಎಂದು ಕೇಳಿದ್ದಕ್ಕೆ 'ಏನೂ ಇಲ್ಲ' ಎಂದಿದ್ದಳು.

ಸೆಪ್ಟೆಂಬರಿನಲ್ಲಿ ಸಮಿತಿಯಿಂದ ಎರಡು ಸಾಲಿನ ಪತ್ರ ಬಂತು. ಬೇರೆಯವರ ಲಿಪಿ ಗೆದ್ದಿತ್ತು. ಮೇಷ್ಟ್ರು ಹದಿನೈದು ದಿನ ಲಿಪಿಯ ಪುಸ್ತಕ ಮುಟ್ಟಲಿಲ್ಲ. ಇನ್ನೇನು ಕೋರ್ಟಿಗೆ ಹೊರಡುವುದು, ಇವತ್ತು ನಾಳೆ ಎನ್ನುವಾಗ ಎವರ್ಟ್ ಸೆರೆಮನೆಯಲ್ಲಿ ಎದೆಯ ರೋಗದಿಂದ ಸತ್ತ ಸುದ್ದಿ ಬಂತು. "ಇನ್ನು ಯಾರಿಗೆ ಅಂತ ಹೇಳೋದು?" ಎಂದರು. ಹೊಸ ವರ್ಷ ಕಳೆದು ಒಂದು ಮಧ್ಯಾಹ್ನ ಎವರ್ಟ್‌ನ ಹೆಂಡತಿಯ ಕೋಣೆಗೆ ಹೋಗಿ ಸಿಗ್ನೆಯನ್ನು ಕೈಹಿಡಿದು ಕರೆತಂದು ಈ ಅಡುಗೆಮನೆಯ ಮೇಜಿಗೆ ಕೂರಿಸಿದರು.

ಎರಡನೆಯ ಮುದ್ರಣದಲ್ಲಿ ಒಂದು ಹೊಸ ನಿಯಮ ಸೇರಿತು. ನಲವತ್ತೊಂದನೆಯದು: ಗೆರೆಯಿಲ್ಲದ ಕಾಗದದಲ್ಲಿ ಎಂದೂ ಬರೆಯತಕ್ಕದ್ದಲ್ಲ. ಕಾರಣ ಕೊಟ್ಟಿರಲಿಲ್ಲ.

*

ಗೋರಿಯಿಂದ ಬಂದವರ ಕಾಲುಗಳಿಗೆ ಮಸಿ ಮೆತ್ತಿತ್ತು. ನೆಲ ಕರಗಿಸಲು ಉರಿಸಿದ ಬೆಂಕಿಯ ಮಸಿ. ಹುಲ್ಡಾ ಎಲ್ಲರನ್ನೂ ಬಾಗಿಲಲ್ಲೇ ತಡೆದು ಗೋಣಿಯ ಮೇಲೆ ಕಾಲೊರೆಸಿಸಿ ಒಳಗೆ ಬಿಟ್ಟಳು. ಕಾಫಿ, ಕೇಸರಿ ಬನ್ನು, ಏಳು ಬಗೆಯ ಬಿಸ್ಕತ್ತು. ಬಿಸಿ ಒಳಗಿಳಿಯುತ್ತಿದ್ದಂತೆ ಬಾಯಿಗಳು ಸಡಿಲವಾದವು.

"ಗೆರೆ ಕಾಗದದ ಹುಚ್ಚು ನೆನಪಿದ್ಯಾ?" ಎಂದ ಆಲ್ರಿಕ್. "ನಾನೊಂದ್ಸಲ ಸಕ್ಕರೆ ಪೊಟ್ಟಣದ ಹಿಂದೆ ಬರ್ಕೊಂಡೆ. ಮೇಷ್ಟ್ರು ಬಂದು ಕಿತ್ಕೊಂಡು ಹರಿದು ಹಾಕಿದ್ರು. ಸಕ್ಕರೆ ಸಮೇತ!"

"ನಂಗೆ ಗೆರೆ ಎಳೆಯೋ ಶಿಕ್ಷೆ. ಇನ್ನೂರು ಹಾಳೆ," ಎಂದ ಇನ್ನೊಬ್ಬ ಹಳೆಯ ವಿದ್ಯಾರ್ಥಿ. "ಮನೇಲಿ ಅಮ್ಮ ಕೇಳಿದ್ಲು, ಸಂಗೀತ ಕಲೀತಿದ್ದೀಯಾ ಅಂತ."

ಎಲ್ಲರೂ ನಕ್ಕರು. ಎಲ್ವಿನಾ ಬಟ್ಟಲುಗಳಿಗೆ ಕಾಫಿ ಸುರಿಯುತ್ತ ಹೋದಳು.

ಪಾದ್ರಿ ಎದ್ದು ನಾಲ್ಕು ಮಾತಾಡಿದರು. ಮೂವತ್ತೆಂಟು ವರ್ಷದ ಮೇಷ್ಟ್ರಗಿರಿ, ಚರ್ಚಿನ ಹಾರ್ಮೋನಿಯಂ, ಊರಿನ ಮೂರು ತಲೆಮಾರಿಗೆ ಕಲಿಸಿದ ಅಕ್ಷರ. ಸಿಗ್ನೆ ಕೀರ್ತನೆಯ ಹಾಳೆಯನ್ನು ಮಗುಚಿಕೊಂಡು ಅದರ ಬಿಳಿ ಬೆನ್ನಿನ ಮೇಲೆ ಪೆನ್ಸಿಲ್ ಓಡಿಸುತ್ತಿದ್ದುದನ್ನು ಕಂಡು ಆಲ್ರಿಕ್‌ಗೆ ಹುಮ್ಮಸ್ಸು ಬಂತು.

"ಓದು ಸಿಗ್ನೆ, ಓದು! ಕೊನೇ ಸಲ ಈ ಮನೇಲಿ ಮೇಷ್ಟ್ರ ಲಿಪಿ ಕೇಳೋಣ."

ಸಿಗ್ನೆ ಎದ್ದು ಓದಿದಳು. ಪಾದ್ರಿ ಆಡಿದ ಒಂದೊಂದು ಮಾತೂ ಅವರ ಕೆಮ್ಮಿನ ಜಾಗ ಸಮೇತ ಹೊರಬಂತು. ಕೊನೆಗೆ ಅವಳು ತಡವರಿಸಿದಳು.

"'ತಮ್ಮ ಲಿಪಿ ತಮ್ಮ ನಂತರವೂ ಉಳಿಯುತ್ತದೆ ಎಂದು ಮೇಷ್ಟ್ರು...'" ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ನಂಬಿದ್ದರು. ಅಥವಾ... ನಂಬಿರಲಿಲ್ಲ. ಅಯ್ಯೋ, ಕೊನೇ ಪದ ಹೊಸ ಸಾಲಿಗೆ ಬಂದ್ಬಿಟ್ಟಿದೆ, ಒಂದೇ ಒಂದು. ಕಾಗದಕ್ಕೆ ಗೆರೆ ಇಲ್ಲ!"

ಆಲ್ರಿಕ್ ತೊಡೆ ತಟ್ಟಿ ನಕ್ಕ. "ನೋಡಿ, ಗೋರಿಯಿಂದ್ಲೇ ಬೈತಿದಾರೆ!"

"ಪಾದ್ರಿಗಳೇ, ನೀವು ಏನಂದ್ರಿ?" ಸಿಗ್ನೆಯೂ ನಗುತ್ತಿದ್ದಳು.

ಪಾದ್ರಿ ಬಿಸ್ಕತ್ತನ್ನು ಅರ್ಧದಲ್ಲಿ ಹಿಡಿದು ಯೋಚಿಸಿದರು. "ಏನಂದೆ? ನಂಬಿದ್ದರು ಅಂದಿರ್ಬೇಕು. ಹಾಗೇ ಬರ್ಕೊಳಮ್ಮ, ಕೇಳೋಕೆ ಚೆನ್ನಾಗಿರುತ್ತೆ."

"ನಂಬಿರಲಿಲ್ಲ ಅಂತಲೇ ಅಂದಿದ್ದು," ಎಂದಳು ಬೇದಾ. "ನಂಗೆ ಕಿವಿ ಇದೆ."

"ನಿಂಗಿರೋದು ಬಾಯಿ," ಎಂದಳು ಹುಲ್ಡಾ. ಮತ್ತೆ ನಗು.

ಸಿಗ್ನೆಯ ನಗು ಮಾತ್ರ ಮೆಲ್ಲಗೆ ಇಳಿಯಿತು. ಆಡಿದವರಿಗೇ ನೆನಪಿಲ್ಲದ ಮಾತು ತನ್ನ ಕೈಯಲ್ಲಿದ್ದೂ ಇಲ್ಲದಂತಿರುವುದನ್ನು ಅವಳು ನೋಡುತ್ತಿದ್ದಳು. ಮೂಗಿನ ತುದಿಯನ್ನು ಬೆರಳಿಂದ ಒತ್ತಿಕೊಂಡಳು. ಸಕ್ಕರೆ ಡಬ್ಬಿಗೆಂದು ಎಲ್ವಿನಾ ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದಳು.

"ಮೇಷ್ಟ್ರಮ್ಮ, ನಲವತ್ತೊಂದನೇ ನಿಯಮ ಯಾಕೆ ಬಂತು?"

"ಯಾಕೆ ಅಂದ್ರೆ? ನೋಡಿದ್ಯಲ್ಲ ಈಗ."

"ಅದಲ್ಲ. ಮೊದಲ ಮುದ್ರಣದಲ್ಲಿ ಇಲ್ಲ, ಎರಡನೇದರಲ್ಲಿದೆ. ಮಧ್ಯೆ ಏನೋ ಆಗಿರ್ಬೇಕಲ್ವಾ? ಎಷ್ಟು ಸಲ ಕೇಳಿದೀನಿ, ಮೇಷ್ಟ್ರು ಮಾತು ಬದಲಾಯಿಸೋರು. ನೆನಪಿನ ಪುಸ್ತಕದಲ್ಲಿ ಪ್ರತಿ ನಿಯಮದ ಹಿಂದಿನ ಕತೆ ಬರೀಬೇಕು ಅಂತಿದೀನಿ. ನಿಮಗೆ ಗೊತ್ತಿರ್ಬೇಕು."

ಅವಳ ಮುಖದಲ್ಲಿ ಅನುಮಾನವೇನೂ ಇರಲಿಲ್ಲ. ಪಾಠದ ಮೇಜಿನಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ ಮುಖವೇ, ಮೂವತ್ತಮೂರರದ್ದು.

"ಪೆಟ್ಟಿಗೇಲಿ ಇರುತ್ತೆ ಎಲ್ಲ," ಎಂದಳು ಎಲ್ವಿನಾ. "ಮೇಷ್ಟ್ರು ಬರೆದಿದ್ದನ್ನ ಯಾವತ್ತೂ ಸುಟ್ಟವರಲ್ಲ. ಒಂದು ನಿಮಿಷ ಇರು, ಅದರ ಬೀಗದ ಕೈ ಹುಡುಕಿ ಬರ್ತೀನಿ."

*

ಕೊನೆಯ ಮೂರು ದಿನ ಮೇಷ್ಟ್ರಿಗೆ ಮಾತು ನಿಂತಿತ್ತು. ಬಲಗೈಯ ತೋರುಬೆರಳು ಮಾತ್ರ ಹೊದಿಕೆಯ ಮೇಲೆ ಓಡುತ್ತಿತ್ತು. ನೋಡುವವರಿಗೆ ಅದು ಸಾಯುವವರ ಕೈ ಮಾಡುವ ಸುಮ್ಮನೆಯ ಚಡಪಡಿಕೆ. ಎಲ್ವಿನಾಗೆ ಓದಲು ಬರುತ್ತಿತ್ತು. ಒಂದೇ ಪದ, ಮತ್ತೆ ಮತ್ತೆ. ಹೇಳುವುದಕ್ಕೆ ಸಂಬಂಧಿಸಿದ ಪದ. ಗೆರೆಯ ಮೇಲಿದ್ದರೆ 'ಹೇಳು'. ಕೆಳಗಿದ್ದರೆ 'ಹೇಳಬೇಡ'.

ಹೊದಿಕೆ ಬಿಳಿಯದಾಗಿತ್ತು. ಅವಳು ಅದರ ಮೇಲೆ ಬಗ್ಗಿ, ಎರಡು ಕೈಯಿಂದಲೂ ಬಟ್ಟೆಯನ್ನು ಎಳೆದು ಒಂದು ಮಡಿಕೆ ಮಾಡಿ, ಗೆರೆಯ ಹಾಗೆ ಅವರ ಬೆರಳಿನ ಮುಂದೆ ಹಿಡಿದಿದ್ದಳು. "ಇಲ್ಲಿದೆ ನೋಡಿ ಗೆರೆ. ಈಗ ಬರೀರಿ. ಮೇಲೋ, ಕೆಳಗೋ?" ಬೆರಳು ಮಡಿಕೆಯನ್ನು ಮುಟ್ಟಿ ನಿಂತುಬಿಟ್ಟಿತು.

*

ಮುಂದಿನ ಕೋಣೆ ಹೆಣವಿದ್ದಾಗಿನದಕ್ಕಿಂತ ತಣ್ಣಗಿತ್ತು. ನೆಲದ ಮೇಲೆ ಸ್ಪ್ರೂಸಿನ ಸೂಜಿಎಲೆಗಳು ಉದುರಿದ್ದವು. ಎಲ್ವಿನಾ ಬಾಗಿಲು ಮುಂದೆ ಮಾಡಿ ಮೇಜಿನ ಮುಂದೆ ಕೂತಳು. ಜೇಬಿನಿಂದ ಹಾಳೆ ತೆಗೆದು ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ಒತ್ತಿದಳು. ಕೆಳಭಾಗದಲ್ಲಿ, ಒಂಟಿಯಾಗಿ, ಆ ಪದ. ಮೇಲೆಯೂ ಬಿಳಿ, ಕೆಳಗೂ ಬಿಳಿ. ಆಗ ತನ್ನ ಕೈ ಎಷ್ಟು ಚುರುಕಾಗಿತ್ತು ಎಂದುಕೊಂಡಳು.

ಮಸಿಯ ಬಾಟಲಿ ಹೆಪ್ಪುಗಟ್ಟಿತ್ತು. ಪೆನ್ಸಿಲ್ ಇತ್ತು, ಅದನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟಳು, ಪೆನ್ಸಿಲನ್ನು ಅಳಿಸಬಹುದು. ಬಾಟಲಿಯನ್ನು ರವಿಕೆಯೊಳಗೆ ಕಂಕುಳಿಗೆ ಸೇರಿಸಿಕೊಂಡು ಕೂತಳು. ಗಾಜು ಕೊರೆಯಿತು. ಗೋಡೆಯಾಚೆ ಆಲ್ರಿಕ್ ಏನೋ ಹೇಳುತ್ತಿದ್ದ, ಸಿಗ್ನೆ ನಕ್ಕದ್ದು ಕೇಳಿಸಿತು. ಭಾನುವಾರಗಳಲ್ಲಿ ಆ ನಗು ಅಡುಗೆಮನೆಯಲ್ಲಿ ಕೇಳುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಭಾನುವಾರಗಳು. ಮಸಿ ಕರಗಲು ತೆಗೆದುಕೊಂಡಷ್ಟು ಹೊತ್ತು ಅವಳು ಅದನ್ನೇ ಕೇಳಿಸಿಕೊಂಡಳು.

ಅಳತೆಪಟ್ಟಿಯನ್ನು ಮೊದಲು ಪದದ ಕೆಳಗಿಟ್ಟಳು. ಇಲ್ಲಿ ಗೆರೆ ಎಳೆದರೆ ಪದ ಮೇಲೆ ಕೂರುತ್ತದೆ: ನೋಡಿದೆ. ಕೋರ್ಟು ಸರಿ, ಮೇಷ್ಟ್ರು ಸರಿ, ನಲವತ್ತೊಂದನೆಯ ನಿಯಮ ಒಬ್ಬ ಮುದುಕನ ಹುಚ್ಚು. ಸಿಗ್ನೆ ಭಾನುವಾರ ಬರುತ್ತಾಳೆ. ಸೆರೆಮನೆಗೆ ಬೇಡವೆಂದು ಬರೆದದ್ದು ಅಂಚೆಗೆ ಹೋಗುತ್ತದೆ. ಪಟ್ಟಿ ಎಷ್ಟು ನೇರವಾಗಿ ಕೂತಿತ್ತು! ಇಷ್ಟು ವರ್ಷ ಗೆರೆ ಅಲ್ಲೇ ಇದ್ದು, ಮಾಸಿಹೋಗಿದೆಯೇನೋ ಅನ್ನುವ ಹಾಗೆ.

"ಅತ್ತಿಗೆ!" ಹುಲ್ಡಾ ಕೂಗಿದಳು. "ಜಾರುಬಂಡಿ ಬಂತು! ಕುದುರೆ ಚಳಿಗೆ ಕಾಲು ಕುಟ್ತಿದೆ, ಬೇಗ ಬಾ!"

"ಒಂದೇ ನಿಮಿಷ," ಎಂದಳು ಎಲ್ವಿನಾ.

ಅಳತೆಪಟ್ಟಿಯನ್ನು ಎತ್ತಿ ಪದದ ನೆತ್ತಿಯ ಮೇಲಕ್ಕೆ ಸರಿಸಿದಳು. ಎಡಗೈಯ ಬೆರಳುಗಳನ್ನು ಅಗಲಿಸಿ ಒತ್ತಿ ಹಿಡಿದು, ಲೇಖನಿಯನ್ನು ಮಸಿಯಲ್ಲದ್ದಿ, ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಉಸಿರಿನಲ್ಲಿ ಎಳೆದಳು. ಪಟ್ಟಿ ತೆಗೆದಾಗ ಪದ ಗೆರೆಯ ಕೆಳಗೆ ತೂಗುತ್ತಿತ್ತು: ನೋಡಲಿಲ್ಲ.

ಮೂಲೆಯಲ್ಲಿದ್ದ, ಬೀಗವೇ ಇಲ್ಲದ ಪೆಟ್ಟಿಗೆಯ ಮುಚ್ಚಳ ಎತ್ತಿ, ಹಾಳೆಯನ್ನು ಮಡಚದೆ, ಎಲ್ಲದರ ಮೇಲೆ, ಮುಖ ಮೇಲಾಗಿ ಇಟ್ಟಳು. ಮಸಿ ಇನ್ನೂ ಹಸಿಯಾಗಿತ್ತು. ಬಗ್ಗಿ ಊದಿದಳು. ಅವಳ ಉಸಿರು ಬೆಳ್ಳಗೆ ಹಾಳೆಯ ಮೇಲೆ ಹರಡಿ, ಪದವನ್ನು ಮುಚ್ಚಿ, ಮತ್ತೆ ತೆರೆಯಿತು.